ಜಾಗ ಬಿಟ್ಟು ಏಳುವವಳು

ಕಂಪ್ಯೂಟರ್ ಕೇಂದ್ರದಲ್ಲಿ ಅವಳಿಗೆ ದಾಕ್ಷಿಣ್ಯಮ್ಮ ಎಂದು ಹೆಸರಿಟ್ಟವನು ತಂತಿಯಣ್ಣ. ಕಟ್ಟಡದ ತಂತಿಗಳನ್ನೂ ಅವುಗಳೊಳಗಿನ ಓಡಾಟವನ್ನೂ ಹತೋಟಿಯಲ್ಲಿಡುವುದು ಅವನ ಕೆಲಸ. ಅವನ ನಾಲಿಗೆಯನ್ನು ಹತೋಟಿಯಲ್ಲಿಡುವ ಕೆಲಸವನ್ನು ಮಾತ್ರ ಯಾರಿಗೂ ವಹಿಸಿರಲಿಲ್ಲ. ಒಂದು ದಿನ ಕ್ಯಾಂಟೀನಿನ ಸಾಲಿನಲ್ಲಿ ಅವಳು ಹಿಂದೆ ನಿಂತವರಿಗೆಲ್ಲ ಒಬ್ಬೊಬ್ಬರಾಗಿ ಜಾಗ ಬಿಟ್ಟುಕೊಡುತ್ತ, ಚಹಾ ಮುಗಿದ ಮೇಲೆ ಬರಿ ಲೋಟ ಹಿಡಿದು ನಿಂತಿದ್ದಳು. ಅವನು ನೋಡಿ, "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತಾರಲ್ಲ, ಅದು ನಿಮ್ಮನ್ನ ನೋಡೇ ಹೇಳಿದ್ದು ಮೇಡಂ" ಎಂದ. ಮಾರನೆಯ ದಿನದಿಂದ ಇಡೀ ಮಹಡಿಗೆ ಅವಳು ದಾಕ್ಷಿಣ್ಯಮ್ಮ. ಅವಳಿಗೆ ಬೇಸರವಾಗಲಿಲ್ಲ. ಅಡ್ಡಹೆಸರು ಇಟ್ಟವರು ನಾವು ಇದ್ದೇವೆಂಬುದನ್ನಾದರೂ ಗಮನಿಸಿರುತ್ತಾರೆ ಎಂದುಕೊಂಡಳು.

ಆ ಕೇಂದ್ರದ ಕೆಲಸವನ್ನು ಹೊರಗಿನವರಿಗೆ ತಿಳಿಸಬೇಕಾದಾಗ ಅವಳು ಹೀಗೆ ಹೇಳುತ್ತಿದ್ದಳು. ಒಂದು ದೊಡ್ಡ ಲೆಕ್ಕವಿದೆ; ಒಂದೇ ಯಂತ್ರಕ್ಕೆ ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಮುಗಿದೀತು. ಇತ್ತ ಕಾಲೇಜು, ಕಚೇರಿ, ಪ್ರಯೋಗಾಲಯಗಳಲ್ಲಿ ನೂರಾರು ಕಂಪ್ಯೂಟರುಗಳು ದಿನದ ಬಹುಪಾಲು ಕೈಕಟ್ಟಿ ಕೂತಿರುತ್ತವೆ. ಅವನ್ನೆಲ್ಲ ಒಂದು ಜಾಲಕ್ಕೆ ಪೋಣಿಸಿ, ಲೆಕ್ಕವನ್ನು ಚೂರು ಮಾಡಿ, ಬಿಡುವಾಗಿರುವ ಯಂತ್ರಕ್ಕೊಂದು ಚೂರು ಹಂಚಿ, ಬಂದ ಉತ್ತರಗಳನ್ನು ಮತ್ತೆ ಕೂಡಿಸಿಕೊಳ್ಳುವುದು. ಇದಕ್ಕೆ ಗ್ರಿಡ್ ಎನ್ನುತ್ತಾರೆ. ಇಂಥ ಜಾಲದ ಮೇಲೆ ಓಡುವ ಪ್ರೋಗ್ರಾಮನ್ನು ಪ್ರತಿಯೊಬ್ಬರೂ ಬುಡದಿಂದ ಬರೆಯಹೊರಟರೆ ಆಯುಸ್ಸು ಸಾಲದು. ಆದ್ದರಿಂದ ಎಲ್ಲರಿಗೂ ಬೇಕಾಗುವ ಕೆಲಸಗಳನ್ನು, ಅಂದರೆ ಹಂಚುವುದು, ಕಾಯುವುದು, ಕೂಡಿಸುವುದು ಇಂಥವನ್ನು, ಒಂದೊಂದು ಬಿಡಿಭಾಗವಾಗಿ ಒಮ್ಮೆ ಗಟ್ಟಿಯಾಗಿ ಬರೆದಿಡುತ್ತಾರೆ. ಅದೇ ಕಾಂಪೊನೆಂಟ್. ಬೇಕಾದವರು ಅದನ್ನು ತಂದು ತಮ್ಮ ಪ್ರೋಗ್ರಾಮಿಗೆ ಜೋಡಿಸಿಕೊಳ್ಳಬಹುದು. ಅದರ ಹೊಟ್ಟೆಯೊಳಗೆ ಏನಿದೆಯೆಂದು ಯಾರೂ ನೋಡುವುದಿಲ್ಲ. ಏನು ಕೊಟ್ಟರೆ ಏನು ಬರುತ್ತದೆ ಎಂಬುದಷ್ಟೇ ಒಪ್ಪಂದ.

ಅವಳು ಬರೆದ ಕಾಂಪೊನೆಂಟುಗಳು ಹಲವು, ಹೆಸರು ಮಾಡಿದ್ದು ಒಂದೇ. ಗ್ರಿಡ್ಡಿನ ಲೆಕ್ಕಗಳು ಓಡುವುದು ಬೇರೆಯವರ ಯಂತ್ರದಲ್ಲಿ. ಯಾರೋ ಗುಮಾಸ್ತ ಊಟಕ್ಕೆ ಹೋದಾಗ ಅವನ ಕಂಪ್ಯೂಟರಿನಲ್ಲಿ ಇವರ ಲೆಕ್ಕ ಬಂದು ಕೂರುತ್ತದೆ. ಅವನು ಕೈತೊಳೆದು ಬಂದು ಮೌಸ್ ಮುಟ್ಟಿದ ತಕ್ಷಣ ಅದು ಎದ್ದು ಹೋಗಬೇಕು. ಮಾಡಿದಷ್ಟು ಲೆಕ್ಕವನ್ನು ಗಂಟು ಕಟ್ಟಿಕೊಂಡು, ಕೂತ ಜಾಗದಲ್ಲಿ ಒಂದು ಕಸವನ್ನೂ ಉಳಿಸದೆ, ಬೇರೆ ಖಾಲಿ ಯಂತ್ರ ಹುಡುಕಿಕೊಂಡು ಹೋಗಿ ಗಂಟು ಬಿಚ್ಚಿ ಬಿಟ್ಟಲ್ಲಿಂದಲೇ ಮುಂದುವರಿಸಬೇಕು. ಹೀಗೆ ಎದ್ದು ಹೋಗುವುದನ್ನು ಮೊದಲೂ ಹಲವರು ಬರೆದಿದ್ದರು. ಅವರವು ಹೋಗುವಾಗ ಗೊಣಗುತ್ತಿದ್ದವು. ಯಂತ್ರ ಒಂದಷ್ಟು ಹೊತ್ತು ಮಂಕಾಗುತ್ತಿತ್ತು, ಒಡೆಯರು ಸಿಡಿಮಿಡಿಗೊಂಡು ಗ್ರಿಡ್ಡಿನ ತಂಟೆಯೇ ಬೇಡವೆನ್ನುತ್ತಿದ್ದರು. ಅವಳದು ಬಂದದ್ದೂ ತಿಳಿಯುತ್ತಿರಲಿಲ್ಲ, ಹೋದದ್ದೂ ತಿಳಿಯುತ್ತಿರಲಿಲ್ಲ. ಅದನ್ನು ಎಲ್ಲರೂ ತಂದು ಜೋಡಿಸಿಕೊಂಡರು. ಕಂಡೇ ಇರದ ಊರುಗಳ ಸಂಸ್ಥೆಗಳೂ ಜೋಡಿಸಿಕೊಂಡವು. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರೊಂದಿತ್ತು. ಬಾಯಲ್ಲಿ ಮಾತ್ರ ಅದೂ 'ದಾಕ್ಷಿಣ್ಯ'ವೇ ಆಯಿತು.

ಅದನ್ನು ಬರೆಯುವಾಗ ಅವಳಿಗೂ ತಂತಿಯಣ್ಣನಿಗೂ ಒಂದು ವಾದ ನಡೆದಿತ್ತು.

"ಮೌಸ್ ಅಲುಗಾಡಿದ್ರೆ ಸಾಕಾ, ಎದ್ದುಬಿಡೋದಾ? ಒಂದು ಗಳಿಗೆ ಕಾದು ನೋಡಬಾರದಾ ಮೇಡಂ, ಬಂದಿದ್ದು ನಿಜವಾಗ್ಲೂ ಯಜಮಾನನಾ ಅಂತ. ಬೆಕ್ಕು ಹಾರಿದ್ರೂ ಅಲುಗಾಡತ್ತೆ."

"ಬೆಕ್ಕೂ ಆ ಮನೆಯದೇ ಅಲ್ವಾ" ಎಂದಿದ್ದಳು ಅವಳು. "ನಾವಲ್ಲ."

ಅವನು ನಕ್ಕಿದ್ದ. ಅವಳು ತಮಾಷೆಗೆ ಹೇಳಿರಲಿಲ್ಲ.

ಅವಳ ಅಪ್ಪ ಅಮ್ಮ ಒಂದೇ ಜ್ವರಕ್ಕೆ ಒಬ್ಬರ ಹಿಂದೊಬ್ಬರು ಹೋಗಿದ್ದರು. ಬೆಳೆದದ್ದು ಚಿಕ್ಕಪ್ಪನ ಮನೆಯಲ್ಲಿ. ಅನಾಥೆ ಎಂಬ ಮಾತು ಅವಳಿಗೆ ಹಿಡಿಸುತ್ತಿರಲಿಲ್ಲ. ಊಟ, ಬಟ್ಟೆ, ಶಾಲೆ ಎಲ್ಲವೂ ಸಿಕ್ಕಿದವಳನ್ನು ಹಾಗೆನ್ನುವುದು ಕೊಟ್ಟವರಿಗೆ ಮಾಡುವ ಅವಮಾನ. ಚಿಕ್ಕಮ್ಮ ಕೆಟ್ಟ ಹೆಂಗಸಲ್ಲ. ಒಂದು ದಿನವೂ ಹೊಡೆದವಳಲ್ಲ, ಒಂದು ದಿನವೂ ಹತ್ತಿರಕ್ಕೆ ಎಳೆದುಕೊಂಡವಳೂ ಅಲ್ಲ. ಮಲಗಲು ಅವಳಿಗೆ ನಡುಮನೆ. ಚಿಕ್ಕಪ್ಪ ಪತ್ರಿಕೆ ಹಿಡಿದು ಬರುವ ಮೊದಲೇ ಹಾಸಿಗೆ ಸುತ್ತಿಟ್ಟಿರಬೇಕೆಂದು ಯಾರೂ ಹೇಳಿರಲಿಲ್ಲ. ಹೇಳುವವರೆಗೆ ಕಾಯಬಾರದೆಂದು ಅವಳೇ ಕಂಡುಕೊಂಡಳು. ಓದುವ ಮೇಜು ಚಿಕ್ಕಪ್ಪನ ಮಗನದು, ಅವಳಿಗೆ ತಮ್ಮ. ಅವನು ಆಟಕ್ಕೆ ಹೋದಾಗ ಅವಳು ಅಲ್ಲಿ ಕೂತು ಬರೆಯುತ್ತಿದ್ದಳು. ಅವನ ಚಪ್ಪಲಿ ಸದ್ದು ಹೊಸ್ತಿಲಿಗೆ ಬರುವಷ್ಟರಲ್ಲಿ ಮೇಜು ಖಾಲಿ.

"ಕೂತ್ಕೋ ಅಕ್ಕಾ, ನನಗ್ಯಾಕೆ ಬೇಕು ಈ ಹಾಳು ಮೇಜು" ಎನ್ನುತ್ತಿದ್ದ ತಮ್ಮ. ಆ ಮಾತು ಅವನ ಬಾಯಿಂದ ಬರುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿರುತ್ತಿದ್ದಳು.

ಈ ಬಗೆಯ ಬಾಲ್ಯದಿಂದ ಮನುಷ್ಯರು ಕಹಿಯಾಗುವುದುಂಟು. ಅವಳು ಚುರುಕಾದಳು. ಓದಿದಳು, ಕೆಲಸ ಹಿಡಿದಳು, ಕೇಂದ್ರಕ್ಕೆ ಹತ್ತಿರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿದಳು. ಮದುವೆಯ ಮಾತು ಒಂದೆರಡು ಸಲ ಬಂತು, ಬಂದವರು ಇನ್ನೊಂದು ಕಡೆ ವಿಚಾರಿಸುತ್ತಿದ್ದಾರೆಂದು ಗಾಳಿಮಾತು ಕೇಳಿದೊಡನೆ ಅವಳೇ ಬೇಡವೆಂದು ಹೇಳಿಕಳಿಸಿದಳು. ಅದೊಂದು ದೊಡ್ಡ ದುಃಖವಾಗಲಿಲ್ಲ.

ತಮ್ಮ ಸತ್ತದ್ದು ದೊಡ್ಡ ದುಃಖ. ಚಿಕ್ಕ ವಯಸ್ಸು, ಹೃದಯ ನಿಂತಿತೆಂದರು. ಚಿಕ್ಕಪ್ಪ ಚಿಕ್ಕಮ್ಮ ಅದಕ್ಕೂ ಮೊದಲೇ ತೀರಿಹೋಗಿದ್ದರು. ಅವನ ಹೆಂಡತಿ ನರ್ಸು. ಕಂಕುಳಲ್ಲಿ ಮೂರು ತುಂಬದ ಮಗು, ಕೈಯಲ್ಲಿ ದೂರದ ಆಸ್ಪತ್ರೆಯೊಂದರ ಕೆಲಸದ ಕರೆ. ಅಲ್ಲಿ ಸಿಬ್ಬಂದಿಗೆ ಹಾಸ್ಟೆಲು, ಮಕ್ಕಳನ್ನು ಬಿಟ್ಟುಕೊಳ್ಳುವುದಿಲ್ಲ. "ಅತ್ತಿಗೆ, ನಾನು ಕಾಲೂರೋವರೆಗೆ ಮಾತ್ರ" ಎಂದು ಮಗುವನ್ನು ಇವಳ ತೊಡೆಯ ಮೇಲೆ ಕೂರಿಸಿ ಹೋದಳು.

ಆ ಮಗುವಿಗೆ ಗಿಲಕಿ ಎಂದು ಹೆಸರಾದದ್ದು ಅದರ ಬಾಯಿಂದ. ನಿದ್ದೆಯಲ್ಲೂ ಮಾತಾಡುತ್ತಿತ್ತು. ಸೋದರತ್ತೆಯನ್ನು "ಅತ್ತೇ" ಎಂದು ಎಳೆದು ಕರೆಯುತ್ತಿತ್ತು, ಏಕವಚನದಲ್ಲೇ ಜಗಳ ತೆಗೆಯುತ್ತಿತ್ತು. ಮಲಗಿದಾಗ ಒಂದು ಕಾಲು ತಂದು ಅತ್ತೆಯ ಹೊಟ್ಟೆಯ ಮೇಲೆ ಹಾಕಲೇಬೇಕು. ದಾಕ್ಷಿಣ್ಯಮ್ಮ ಮಗ್ಗುಲು ಬದಲಿಸದೆ ಮಲಗುವುದನ್ನು ಕಲಿತಳು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಅವಳ ಮೇಲೆ ಹಕ್ಕಿನಿಂದ ಕಾಲು ಚಾಚಿದ್ದರು. ಆ ಭಾರಕ್ಕೆ ಅವಳು ಎಷ್ಟು ಒಗ್ಗಿಹೋದಳೆಂದರೆ, ಮಗು ಜ್ವರ ಬಂದು ಬೇರೆ ಮಲಗಿದ ದಿನ ಅವಳಿಗೆ ನಿದ್ದೆ ಹತ್ತಲಿಲ್ಲ.

ಕಾಲೂರುವುದು ತಡವಾಯಿತು. ಗಿಲಕಿ ಶಾಲೆಗೆ ಸೇರಿದಳು. ಶಾಲೆ ಬಿಟ್ಟು ಕೇಂದ್ರಕ್ಕೆ ಬಂದು ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ಕೂರುವಳು. ಪರದೆಯ ಮೇಲೆ ಗ್ರಿಡ್ಡಿನ ನಕ್ಷೆ. ಅತಿಥಿ ಲೆಕ್ಕ ಕೂತಿರುವ ಯಂತ್ರಗಳು ಹಸಿರು ಚುಕ್ಕೆ, ಒಡೆಯರು ಬಂದೊಡನೆ ಚುಕ್ಕೆ ಆರಿಹೋಗಿ ಇನ್ನೆಲ್ಲೋ ಹೊತ್ತಿಕೊಳ್ಳುತ್ತದೆ.

"ಅತ್ತೇ, ಅಲ್ಲಿ ಆರಿಹೋಯ್ತು. ಹೋಗು ಅಂದ್ರಾ ಅವರು?"

"ಅನ್ನೋವರೆಗೆ ಕಾಯಬಾರದು."

"ಅನ್ನದಿದ್ರೆ?"

"ಅನ್ನದಿದ್ರೂ ಅಷ್ಟೇ. ಅವರ ಮನೆ."

"ಪಾಪ" ಎಂದಳು ಗಿಲಕಿ, ಚುಕ್ಕೆಗೆ. ತಂತಿಯಣ್ಣ ಅತ್ತ ಹೋಗುತ್ತಿದ್ದವನು, "ನೀನು ನಿಮ್ಮತ್ತೆ ಥರ ಆಗ್ಬೇಡ ಕಣೆ. ಕುರ್ಚಿ ಸಿಕ್ಕಿದ್ರೆ ಗೋಂದು ಹಾಕ್ಕೊಂಡು ಕೂತ್ಕೋ" ಎಂದ. ಅವಳು ಸ್ಟೂಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ತೋರಿಸಿದಳು.

ಮನೆಯಲ್ಲಿ ಗಿಲಕಿಗೆಂದು ಒಂದು ಕಪಾಟು ಇರಲಿಲ್ಲ. ಕೊಳ್ಳಲಾರದೆ ಅಲ್ಲ. ಅವಳ ಬಟ್ಟೆಗಳು ತಾಯಿ ತಂದಿಟ್ಟ ನೀಲಿ ಪೆಟ್ಟಿಗೆಯಲ್ಲೇ ಇದ್ದವು. ವರ್ಷವರ್ಷವೂ ಬಟ್ಟೆ ದೊಡ್ಡದಾಯಿತು, ನೀಲಿಯದು ಸಾಲದೆ ಇನ್ನೂ ದೊಡ್ಡ ಪೆಟ್ಟಿಗೆ ಬಂತು, ಕಪಾಟು ಮಾತ್ರ ಬರಲಿಲ್ಲ. ಗೋಡೆಗೆ ತನ್ನ ಚಿತ್ರ ತೂಗುಹಾಕಲು ಮೊಳೆ ಹೊಡಿ ಎಂದು ಹುಡುಗಿ ಹಟ ಮಾಡಿದಾಗ ಅತ್ತೆ ಅಂಟು ಕಾಗದದಲ್ಲಿ ಅಂಟಿಸಿದಳು. ಮಗು ತನ್ನದಲ್ಲವೆಂಬುದನ್ನು ಅವಳು ದಿನವೂ ನೆನಪಿಸಿಕೊಳ್ಳುತ್ತಿದ್ದಳು. ಹಾಗೆ ನೆನಪಿಸಿಕೊಂಡರೆ ಆ ದಿನ ಬಂದಾಗ ನೋವು ಕಡಿಮೆಯಾಗುತ್ತದೆಂದು ಅವಳ ಲೆಕ್ಕ. ಲೆಕ್ಕದವಳಾದರೂ ಈ ಲೆಕ್ಕವನ್ನು ಅವಳು ಎಂದೂ ತಾಳೆ ನೋಡಿರಲಿಲ್ಲ.

ಆ ದಿನ ಬಂದಾಗ ಗಿಲಕಿಗೆ ಹನ್ನೊಂದು. ರಜೆಯ ಮಧ್ಯಾಹ್ನ. ತಾಯಿ ಮೊದಲೇ ತಿಳಿಸದೆ ಬಂದಳು. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ನೀರು ಕುಡಿದಳು. ಮಗಳ ತಲೆ ಸವರಿದಳು. ಆಮೇಲೆ ಹೇಳಿದಳು:

"ಗಿಲಕೀನ ಕರ್ಕೊಂಡು ಹೋಗೋದಾ ಅಂತ ಒಂದು ಯೋಚನೆ ಬಂದಿದೆ ಅತ್ತಿಗೆ. ನೀವೇನಂತೀರಿ?"

"ನಾನು ಅನ್ನೋದೇನಿದೆ? ನಿಮ್ಮ ಮಗು."

"ಅಲ್ಲ, ನೀವೇ ಸಾಕಿದವರು. ನಿಮಗೆ ಹೇಗನ್ಸತ್ತೆ ಅಂತ."

"ನನಗನ್ಸೋದಿಕ್ಕೆ ಏನೂ ಇಲ್ಲ. ಅವಳ ಬಟ್ಟೆ ಎಲ್ಲ ಒಟ್ಟಿಗೇ ಇದೆ, ನಿಮಗೆ ತೊಂದರೆ ಆಗಲ್ಲ" ಎಂದು ದಾಕ್ಷಿಣ್ಯಮ್ಮ ಎದ್ದಳು. ಪೆಟ್ಟಿಗೆಯನ್ನು ಬಾಗಿಲ ಹತ್ತಿರ ತಂದಿಟ್ಟಳು. ಶಾಲೆಯ ಕಾಗದಗಳು ಒಂದು ಚೀಲದಲ್ಲಿದ್ದವು, ಅದನ್ನು ಪೆಟ್ಟಿಗೆಯ ಮೇಲಿಟ್ಟಳು. ಹಾಲು ತೀರಾ ಬಿಸಿಯಿದ್ದರೆ ಕುಡಿಯುವುದಿಲ್ಲ, ಎಡಗಿವಿಗೆ ಗಾಳಿ ತಾಗಬಾರದು, ಮಲಗುವಾಗ ಕಾಲು ಹಾಕುತ್ತಾಳೆ, ಪಕ್ಕದಲ್ಲಿ ದಿಂಬು ಇಟ್ಟರೆ ಸಾಕು, ಎಂದು ಒಂದೊಂದಾಗಿ ಹೇಳಿದಳು. ಬಿಟ್ಟಲ್ಲಿಂದ ಮುಂದುವರಿಸಲು ಇನ್ನೊಬ್ಬರಿಗೆ ಏನೇನು ಬೇಕೋ ಅದನ್ನೆಲ್ಲ ಒಪ್ಪವಾಗಿ ಕಟ್ಟಿಕೊಡುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಧ್ವನಿ ನಡುಗಲಿಲ್ಲ. ನಡುಗಿದರೆ ಆ ತಾಯಿಗೆ ಮುಜುಗರವಾದೀತೆಂದು ಅವಳು ಹಲ್ಲು ಕಚ್ಚಿದ್ದಳು.

ತಾಯಿ ಪೆಟ್ಟಿಗೆಯನ್ನೇ ನೋಡುತ್ತ ಕೂತಿದ್ದಳು. "ಇವತ್ತೇ ಅಂತಲ್ಲ..." ಎಂದಳು.

"ಸಂಜೆ ಬಸ್ಸಿದೆ. ರಜೆ ಇರೋವಾಗಲೇ ಹೋದ್ರೆ ಹೊಸ ಶಾಲೆಗೆ ಒಗ್ಗೋದು ಸುಲಭ."

ಆ ಮಾತು ಶುರುವಾದಾಗಿನಿಂದ ಗಿಲಕಿ ಒಳಬಾಗಿಲಿಗೆ ಒರಗಿ ನಿಂತಿದ್ದಳು. ಒಂದು ಮಾತಾಡಲಿಲ್ಲ. ಬಸ್ ನಿಲ್ದಾಣದಲ್ಲೂ ಮಾತಾಡಲಿಲ್ಲ. ಬಸ್ಸಿನ ಕಿಟಕಿಗೆ ಮುಖವಿಟ್ಟು ಕೂತಳು. ದಾಕ್ಷಿಣ್ಯಮ್ಮ ಪೆಟ್ಟಿಗೆಯನ್ನು ಮೇಲೆ ಸರಿಯಾಗಿ ಇರಿಸಿದ್ದಾರೆಯೇ ಎಂದು ನೋಡಿ, ತಾಯಿ ಮಗಳ ನಡುವೆ ತಾನೇಕೆಂದು ಬಸ್ಸು ಹೊರಡುವ ಮೊದಲೇ ಹೊರಟುಬಂದಳು.

ಮನೆಗೆ ಬಂದವಳು ಮೂರು ದಿನ ಒಲೆ ಹೊತ್ತಿಸಲಿಲ್ಲ. ಅದು ಯಾರಿಗೂ ತಿಳಿಯಲಿಲ್ಲ. ಕೇಂದ್ರದಲ್ಲಿ ಕೇಳಿದವರಿಗೆ, "ತಾಯಿ ಹತ್ರ ಹೋದ್ಳು, ಒಳ್ಳೇದಾಯ್ತು" ಎಂದಳು. ತಂತಿಯಣ್ಣ ಒಬ್ಬನೇ, "ಒಳ್ಳೇದಾಯ್ತು ಅನ್ನೋ ಮುಖಾನ ಇದು?" ಎಂದ. ಆಮೇಲೆ ಗಿಲಕಿಯ ಸ್ಟೂಲನ್ನು ಎತ್ತಿ ಬೇರೆ ಕೋಣೆಗೆ ಒಯ್ದ.

ಮೊದಮೊದಲು ಫೋನು ಬರುತ್ತಿತ್ತು. ತಾಯಿ ಮಾತಾಡಿ ಮಗಳಿಗೆ ಕೊಡುವಳು. ಆ ಕಡೆ ಉಸಿರು ಕೇಳುತ್ತಿತ್ತು, ಮಾತಿರುತ್ತಿರಲಿಲ್ಲ. "ಓದ್ತಿದೀಯಾ?" "ಹೂಂ." "ಊಟ ಸೇರತ್ತಾ?" "ಹೂಂ." ದಾಕ್ಷಿಣ್ಯಮ್ಮ, "ಸರಿ, ನಿಮ್ಮ ಹೊತ್ತು ಹಾಳು ಮಾಡಲ್ಲ" ಎಂದು ತಾನೇ ಮೊದಲು ಇಡುತ್ತಿದ್ದಳು. ತಾನಾಗಿ ಫೋನು ಮಾಡಿದ್ದಿಲ್ಲ. ಎದ್ದುಬಂದ ಮನೆಯ ಕದವನ್ನು ಮತ್ತೆ ತಟ್ಟುವುದು ಅವಳ ಪ್ರಕಾರ ಮರ್ಯಾದೆಯಲ್ಲ. ಫೋನುಗಳು ಅಪರೂಪವಾದವು. ಹುಡುಗಿ ದೊಡ್ಡವಳಾದಳು, ಹಲ್ಲಿನ ಆಸ್ಪತ್ರೆಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ ಕಲಿತಳು, ಬೇರೆ ಊರಿಗೆ ಹೋದಳು ಎಂಬ ಸುದ್ದಿ ನೆಂಟರ ಬಾಯಿಂದ ಬಂತು. ಅಷ್ಟರಲ್ಲಿ ದಾಕ್ಷಿಣ್ಯಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಆಗ ಸೇತುವೆ ಪ್ರೊಫೆಸರು ಸಿಟ್ಟು ಹೊತ್ತು ಕೇಂದ್ರಕ್ಕೆ ಬಂದರು. ಹಳೆಯ ಸೇತುವೆಗಳಲ್ಲಿ ಬಿರುಕು ಹೇಗೆ ಬೆಳೆಯುತ್ತದೆಂಬುದು ಅವರ ಲೆಕ್ಕ. ಅದನ್ನು ಗ್ರಿಡ್ಡಿಗೆ ಬಿಟ್ಟು ತಿಂಗಳುಗಳಾಗಿದ್ದವು.

"ಏನ್ರೀ ಇದು? ಮದುವೆ ಮನೆಗೆ ಹೋದ ಬ್ರಹ್ಮಚಾರಿ ಥರ ಎಲ್ಲಾ ಕಡೆ ಸುತ್ತುತ್ತಾ ಇದೆ, ಎಲ್ಲೂ ಕೂತಿಲ್ಲ. ಬಿಟ್ಟ ದಿನ ಎಲ್ಲಿತ್ತೋ ಅಲ್ಲೇ ಇದೆ."

ದಾಕ್ಷಿಣ್ಯಮ್ಮ ನೋಡಿದಳು. ಲೆಕ್ಕ ನಿಜಕ್ಕೂ ಅಲೆಯುತ್ತಿತ್ತು. ಒಂದು ಯಂತ್ರಕ್ಕೆ ಹೋಗಿ ಗಂಟು ಬಿಚ್ಚುವಷ್ಟರಲ್ಲಿ ಒಡೆಯ ಬಂದ ಸುಳಿವು. ಗಂಟು ಕಟ್ಟಿ ಏಳುವುದು. ಇನ್ನೊಂದು ಕಡೆ ಮತ್ತೆ ಅದೇ. ಅವರದೊಂದೇ ಅಲ್ಲ, ಹಲವರ ಲೆಕ್ಕಗಳು ಹೀಗೆಯೇ ಗಂಟು ಹೊತ್ತು ತಿರುಗುತ್ತಿದ್ದವು. ಆದರೆ ಒಡೆಯರು ಅಷ್ಟೊಂದು ಸಲ ಬರುವುದೆಂದರೇನು? ತಂತಿಯಣ್ಣನನ್ನು ಕರೆದುಕೊಂಡು ಹತ್ತಿರದ ಕಾಲೇಜೊಂದಕ್ಕೆ ಹೋದಳು. ಪ್ರಯೋಗಾಲಯಕ್ಕೆ ಬೀಗ. ತೆಗೆಸಿ ಒಳಗೆ ಹೋದರೆ ಒಂದು ನರಪಿಳ್ಳೆಯಿಲ್ಲ. ಸಾಲಾಗಿ ಹೊಸ ಕಂಪ್ಯೂಟರುಗಳು, ಕನ್ನಡಿಯಂತೆ ನುಣುಪಾದ ಹೊಸ ಮೇಜುಗಳು. ಹಳೆಯ ಮೌಸುಗಳ ಹೊಟ್ಟೆಯಲ್ಲಿ ಉರುಳುವ ಗುಂಡಿತ್ತು, ಹೊಸವುಗಳ ಅಡಿಯಲ್ಲಿ ಬೆಳಕು. ಆ ನುಣುಪಿನ ಮೇಲೆ ಬೆಳಕಿಗೆ ಹಿಡಿತ ಸಿಗದೆ, ಯಾರೂ ಮುಟ್ಟದಿದ್ದರೂ ಪರದೆಯ ಮೇಲಿನ ಬಾಣ ಆಗಾಗ ಕೂದಲೆಳೆಯಷ್ಟು ತಾನೇ ಜರುಗುತ್ತಿತ್ತು.

ಇಬ್ಬರೂ ನಿಂತು ನೋಡಿದರು. ಬಾಣ ಜರುಗಿತು. ಅತಿಥಿ ಲೆಕ್ಕ ಗಂಟು ಕಟ್ಟಿ ಎದ್ದು ಹೋಯಿತು.

"ಖಾಲಿ ಕೋಣೆಗೆ ಕೈಮುಗಿದು ಹೋಗ್ತಾ ಇದೆಯಲ್ಲ ಮೇಡಂ ನಿಮ್ಮ ದಾಕ್ಷಿಣ್ಯ" ಎಂದ ತಂತಿಯಣ್ಣ. "ಯಾರೂ ಬಂದೇ ಇಲ್ಲ ಇಲ್ಲಿ."

ಎಲ್ಲರೂ ಆ ಕಾಂಪೊನೆಂಟನ್ನು ನಂಬಿ ಜೋಡಿಸಿಕೊಂಡಿದ್ದರು. ಹೊಟ್ಟೆಯೊಳಗೆ ಯಾರೂ ನೋಡಿರಲಿಲ್ಲ. ಅವಳೂ ಬರೆದ ಮೇಲೆ ಮತ್ತೆ ನೋಡಿರಲಿಲ್ಲ. ಸರಿಪಡಿಸುವುದು ಕಷ್ಟವೇನಲ್ಲ. ಅಲುಗಾಟ ಕಂಡೊಡನೆ ಏಳಬೇಡ. ಸ್ವಲ್ಪ ಕಾದು ಮತ್ತೊಮ್ಮೆ ನೋಡು. ನಿಜವಾಗಿ ಯಾರಾದರೂ ಬಂದಿದ್ದರೆ ಏಳು. ಒಂದು ಬೆಳಗಿನ ಕೆಲಸ. ಬರೆದು, ಪರೀಕ್ಷಿಸಿ, ಎಲ್ಲ ಕಡೆಗೂ ಕಳಿಸಿದಳು. ಸೇತುವೆ ಪ್ರೊಫೆಸರ ಲೆಕ್ಕ ಕೂತಲ್ಲಿ ಕೂತು ಮುಂದೆ ಸಾಗಿತು.

ಅವಳು ಮಾತ್ರ ಕುರ್ಚಿಯಿಂದ ಏಳಲಿಲ್ಲ. ಪರದೆ ನೋಡುತ್ತ, ಎಷ್ಟೋ ವರ್ಷದ ಹಿಂದಿನ ಒಂದು ಮಾತನ್ನು ಅದು ಆಡಿದ ಹಾಗೆಯೇ ಕೇಳಿಸಿಕೊಂಡಳು. ಕರ್ಕೊಂಡು ಹೋಗೋದಾ ಅಂತ ಒಂದು ಯೋಚನೆ ಬಂದಿದೆ. ನೀವೇನಂತೀರಿ. ಕರ್ಕೊಂಡು ಹೋಗ್ತೀನಿ ಎಂದು ಆ ಹೆಂಗಸು ಹೇಳಿರಲೇ ಇಲ್ಲ.

ಅವತ್ತು ಸಂಜೆ ತಾನಾಗಿ ಫೋನು ಮಾಡಿದಳು. ಗಿಲಕಿಯ ತಾಯಿ ಈಗ ಮೊಣಕಾಲು ನೋವಿಗೆ ಕೆಲಸ ಬಿಟ್ಟವಳು. ಧ್ವನಿ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಒಂದು ಕೇಳ್ಬೇಕಿತ್ತು" ಎಂದಳು ದಾಕ್ಷಿಣ್ಯಮ್ಮ. "ಅವತ್ತು ಗಿಲಕೀನ ಕರ್ಕೊಂಡು ಹೋಗೋಕೆ ಬಂದಿದ್ರಲ್ಲ. ನಿಜವಾಗ್ಲೂ ಅದಕ್ಕೇ ಬಂದಿದ್ರಾ?"

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದಾಯಿತು.

"ಈಗ ಕೇಳ್ತಿದೀರಾ ಅತ್ತಿಗೆ?"

"ಈಗ ಕೇಳ್ತಿದೀನಿ."

"ನಿಮ್ಮ ಹಿಂದಿನ ಬೀದೀಲಿ ಆಸ್ಪತ್ರೆ ಇತ್ತಲ್ಲ, ಅಲ್ಲಿ ಕೆಲಸ ಗೊತ್ತು ಮಾಡ್ಕೊಂಡು ಬಂದಿದ್ದೆ. ಮೂರೂ ಜನ ಒಟ್ಟಿಗಿರೋಣ ಅಂತ ಹೇಳೋಕೆ. ಬಾಯಿ ಬಿಡೋ ಮುಂಚೆ ಪೆಟ್ಟಿಗೆ ಬಾಗಿಲಲ್ಲಿತ್ತು."

"ಮತ್ತೆ ಕರ್ಕೊಂಡು ಹೋಗೋ ಮಾತು ಯಾಕೆ ತೆಗೆದ್ರಿ?"

"ನಿಮ್ಮ ಮನೆಗೆ ನಾನೇ ಬಂದು ಇರ್ತೀನಿ ಅಂತ ಹೇಗೆ ಹೇಳ್ಲಿ? ಬೇಡ, ಬಿಟ್ಟಿರಿ, ನೀವೂ ಇಲ್ಲೇ ಇರಿ ಅಂತ ನಿಮ್ಮ ಬಾಯಿಂದ ಬರ್ಲಿ ಅಂತ ಹಾಗೆ ಶುರು ಮಾಡ್ದೆ. ನಿಮಗೊಬ್ಬರಿಗೇನಾ ದಾಕ್ಷಿಣ್ಯ ಇರೋದು?" ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಿಮಗೆ ಸಾಕಾಗಿದೆ ಅಂದ್ಕೊಂಡೆ. ಗಂಡ ಇಲ್ಲ, ಮಕ್ಕಳಿಲ್ಲ, ಪರರ ಮಗು ಎಷ್ಟು ವರ್ಷ ಅಂತ ಹೊರ್ತಾರೆ, ತಪ್ಪಿಲ್ಲ ಅಂದ್ಕೊಂಡೆ. ನಿಮ್ಮ ಬೀದಿ ಆಸ್ಪತ್ರೆಗೆ ಬರಲ್ಲ ಅಂತ ಹೇಳಿಬಿಟ್ಟೆ, ಹಳೇ ಊರಲ್ಲೇ ಹಾಸ್ಟೆಲು ಬಿಟ್ಟು ಅವಳಿಗೂ ನನಗೂ ಒಂದು ಕೋಣೆ ಹಿಡಿದೆ."

"ಗಿಲಕಿ?"

"ಅವಳು ಬಸ್ಸಲ್ಲಿ ಒಂದೇ ಒಂದು ಕೇಳಿದ್ಳು. ಅತ್ತೆ ಪೆಟ್ಟಿಗೆ ಯಾವಾಗಿಂದ ರೆಡಿ ಮಾಡಿಟ್ಟಿದ್ರು ಅಂತ. ಇರು ಅಂತ ನೀವು ಅವತ್ತು ಒಂದು ಮಾತು ಅಂದಿದ್ರೆ ಸಾಕಿತ್ತು ಅತ್ತಿಗೆ."

ಫೋನಿಟ್ಟ ಮೇಲೆ ದಾಕ್ಷಿಣ್ಯಮ್ಮ ಅಳಲಿಲ್ಲ. ಅಳು ಬರುವುದಕ್ಕೂ ಒಂದು ದಾರಿ ಬೇಕು. ಆ ದಾರಿಯನ್ನು ಅವಳು ಬಹಳ ಹಿಂದೆ ಮುಚ್ಚಿಕೊಂಡಿದ್ದಳು. ವಾರ ಕಳೆದು ರಜೆ ಹಾಕಿ, ಗಿಲಕಿ ಇರುವ ಊರಿಗೆ ಬಸ್ಸು ಹತ್ತಿದಳು. ಮನಸ್ಸಿನಲ್ಲಿದ್ದದ್ದು ಒಂದೇ ಮಾತು. ಅದನ್ನು ಬಸ್ಸಿನಲ್ಲಿ ತುಟಿಯಲ್ಲೇ ಹೇಳಿಕೊಂಡಳು: ನನ್ನ ಜೊತೆ ಬಂದು ಇರು. ಬಾಯಿಗೆ ಪಳಗದ ಮಾತು, ಎಷ್ಟು ಸಲ ಹೇಳಿಕೊಂಡರೂ ಬೇರೆಯವರದೆಂಬಂತೆ ಕೇಳುತ್ತಿತ್ತು.

ಗಿಲಕಿಯ ಅಂಗಡಿ ಒಂದು ಮೊದಲ ಮಹಡಿಯಲ್ಲಿತ್ತು. ಮುಂದಿನ ಕೋಣೆಯಲ್ಲಿ ಕೆಲಸ, ಹಿಂದಿನ ಕೋಣೆಯಲ್ಲಿ ವಾಸ. ಮೇಜಿನ ಮೇಲೆ ದವಡೆಗಳ ಬಿಳಿ ಅಚ್ಚುಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಗಿಲಕಿ ಬೆಳ್ಳನೆಯ ಪುಡಿ ಮೆತ್ತಿದ ಕೈಯಲ್ಲೇ ಬಾಗಿಲು ತೆಗೆದಳು. ಎತ್ತರವಾಗಿದ್ದಳು, ಗಲ್ಲ ಮಾತ್ರ ತಮ್ಮನದೇ.

"ಬನ್ನಿ ಅತ್ತೆ. ಅಮ್ಮ ಫೋನ್ ಮಾಡಿದ್ರು. ಕೂತ್ಕೊಳಿ."

ಬನ್ನಿ ಎಂದಳು, ಕೂತ್ಕೊಳಿ ಎಂದಳು. ದಾಕ್ಷಿಣ್ಯಮ್ಮ ಕೂತಳು. ಗಿಲಕಿ ಕೈತೊಳೆದು ಚಹಾ ಮಾಡಿ ತಂದಳು. ಕೆಲಸದ ಬಗ್ಗೆ ಕೇಳಿದ್ದಕ್ಕೆ ಚುಟುಕಾಗಿ ಹೇಳಿದಳು. ನಿದ್ದೆಯಲ್ಲೂ ಮಾತಾಡುತ್ತಿದ್ದ ಮಗು ಈಗ ಒಂದೊಂದು ಮಾತನ್ನೂ ತೂಗಿ ಇಡುವ ಹೆಂಗಸು.

"ನಿನ್ನ ಕಳಿಸ್ಬೇಕು ಅಂತ ನನಗಿರಲಿಲ್ಲ" ಎಂದಳು ದಾಕ್ಷಿಣ್ಯಮ್ಮ. ಮೊದಲು ಹೇಳಬೇಕೆಂದುಕೊಂಡ ಮಾತು ಅದಾಗಿರಲಿಲ್ಲ.

"ಗೊತ್ತು. ಅಮ್ಮ ಹೇಳಿದ್ರು, ಹೋದ ವಾರ."

"ಅವರು ಕೇಳ್ತಿದಾರೆ ಅಂತ ನನಗೆ ಗೊತ್ತಾಗಲಿಲ್ಲ. ಹೇಳ್ತಿದಾರೆ ಅಂದ್ಕೊಂಡೆ."

"ಹೂಂ."

"ಸಿಟ್ಟಿದ್ರೆ ಬೈದುಬಿಡು."

ಗಿಲಕಿ ನಕ್ಕಳು, ಜೋರಾಗಿ ಅಲ್ಲ. "ಸಿಟ್ಟೆಲ್ಲ ಮುಗಿದು ಕಾಲ ಆಯ್ತು ಅತ್ತೆ. ಕಿಟಕಿಗೆ ಮುಖ ಇಟ್ಕೊಂಡು ಕಾದೆ ಅವತ್ತು. ಈಗ ಓಡಿಬರ್ತೀರ, ಈಗ ಬರ್ತೀರ ಅಂತ. ನೀವು ವಾಪಸ್ ಹೋಗ್ತಾ ಇದ್ರಿ, ಬೆನ್ನು ಕಾಣಿಸ್ತು. ಆಮೇಲೆ ವರ್ಷಗಟ್ಟಲೆ ನನಗಿದ್ದಿದ್ದು ಒಂದೇ ಪ್ರಶ್ನೆ, ನಾನು ಏನು ತಪ್ಪು ಮಾಡಿದ್ದೆ ಅಂತ. ಜಾಸ್ತಿ ಮಾತಾಡ್ತಿದ್ದೆ ಅಂತ ಕಾಣತ್ತೆ, ಅದಕ್ಕೇ ಸಾಕಾಯ್ತು ನಿಮಗೆ, ಅಂದ್ಕೊಂಡೆ. ಬಿಟ್ಟುಬಿಟ್ಟೆ ಮಾತಾಡೋದನ್ನ."

ದಾಕ್ಷಿಣ್ಯಮ್ಮನ ಕೈಯಲ್ಲಿ ಚಹಾ ಆರಿಹೋಗಿತ್ತು. ತನ್ನ ಎರಡು ಕೋಣೆಯ ಮನೆಯಲ್ಲಿ ಅವಳು ಬದುಕಿಕೊಂಡದ್ದೇ ಆ ಮಾತಿನ ಸದ್ದಿನಿಂದ. ಅದನ್ನು ಹೇಳಬೇಕೆಂದುಕೊಂಡಳು. ಕೊನೆಗೆ ಬಸ್ಸಿನಲ್ಲಿ ಪಳಗಿಸಿದ್ದನ್ನೇ ಹೇಳಿದಳು.

"ನನ್ನ ಜೊತೆ ಬಂದು ಇರು. ಅಲ್ಲೂ ಹಲ್ಲಿನ ಆಸ್ಪತ್ರೆಗಳಿವೆ."

ಗಿಲಕಿ ಕೆಳಗೆ ನೋಡಿದಳು. ಉಗುರಿನ ಸಂದಿಯ ಬಿಳಿ ಪುಡಿಯನ್ನು ಇನ್ನೊಂದು ಉಗುರಿನಿಂದ ಕೆರೆದಳು.

"ಇಲ್ಲ ಅತ್ತೆ" ಎಂದಳು, ಮೃದುವಾಗಿಯೇ. "ಹನ್ನೊಂದು ವಯಸ್ಸಲ್ಲಿ ಈ ಮಾತು ಕೇಳಿದ್ದಿದ್ರೆ ಪೆಟ್ಟಿಗೆ ಒದ್ದು ಒಳಗೆ ಓಡಿಬರ್ತಿದ್ದೆ. ಈಗ ನನಗೆ ಇಲ್ಲೇ ಅಭ್ಯಾಸ ಆಗಿದೆ. ಯಾರ ಜೊತೆನೂ ಇರೋಕೆ ಬರಲ್ಲ ನನಗೆ. ನೀವು ಬೇಜಾರ್ ಮಾಡ್ಕೋಬೇಡಿ."

"ಇಲ್ಲ" ಎಂದಳು ದಾಕ್ಷಿಣ್ಯಮ್ಮ.

ಗಿಲಕಿ ಸ್ವಲ್ಪ ಹೊತ್ತು ಕೂತಿದ್ದು, ಸಂಜೆಯೊಳಗೆ ಕೊಡಬೇಕಾದ ಕೆಲಸವಿದೆಯೆಂದು ಮೇಜಿಗೆ ಹೋದಳು. ಸಾಣೆ ಯಂತ್ರ ಕೊರ್ರೆಂದಿತು. ಯಾರ ಬಾಯಿಗೋ ಸೇರಬೇಕಾದ ಒಂದು ಹಲ್ಲನ್ನು ಅವಳು ಬೆಳಕಿಗೆ ಹಿಡಿದು, ಉಜ್ಜಿ, ಮತ್ತೆ ಹಿಡಿದು ನೋಡಿದಳು. ದಾಕ್ಷಿಣ್ಯಮ್ಮನಿಗೆ ತಿಳಿಯಿತು, ಇದು ಹೊರಡುವ ಹೊತ್ತು. ಚಿಕ್ಕ ಮಗುವಿಗೂ ತಿಳಿಯುವಂಥದ್ದು. ಅವಳು ಹೊರಡಲಿಲ್ಲ. ಇನ್ನೂ ಸ್ವಲ್ಪ ಕಾದರೆ ಏನಾದರೂ ಬಂದೀತು, ಆ ಬೆನ್ನು ತಿರುಗೀತು, ಒಂದು ಹಳೆಯ ಕೂಗು ಕೇಳೀತು ಎಂದು ಕುರ್ಚಿಯ ಕೈಗಳನ್ನು ಹಿಡಿದು ಕೂತಳು. ಯಂತ್ರ ನಿಂತಿತು, ಮತ್ತೆ ಶುರುವಾಯಿತು. ಕಿಟಕಿಯ ಬಿಸಿಲು ಅಚ್ಚುಗಳ ಸಾಲನ್ನು ದಾಟಿ ಗೋಡೆಗೆ ಹೋಯಿತು. ಒಬ್ಬಾಕೆ ಆಸ್ಪತ್ರೆಯಿಂದ ಬಂದು ಡಬ್ಬಿಯೊಂದನ್ನು ತೆಗೆದುಕೊಂಡು, ಕೂತಿರುವವಳು ಯಾರೆಂಬಂತೆ ನೋಡಿದಳು. "ಅಪ್ಪನ ಕಡೆ ನೆಂಟರು" ಎಂದಳು ಗಿಲಕಿ.

ಆಕೆ ಇಳಿದುಹೋದ ಮೇಲೆ ಗಿಲಕಿ ಯಂತ್ರ ನಿಲ್ಲಿಸಿ ತಿರುಗಿದಳು.

"ಅತ್ತೆ, ನಿಮ್ಮ ಬಸ್ಸಿಗೆ ಹೊತ್ತಾಯ್ತು."

"ಆಮೇಲೂ ಒಂದಿದೆಯಲ್ಲ."

"ಇದೆ" ಎಂದಳು ಗಿಲಕಿ. ಕೈಯಲ್ಲಿದ್ದ ಹಲ್ಲನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು. "ಆದ್ರೆ ನನಗೆ ಒಬ್ಬಳೇ ಇರ್ಬೇಕು ಅನ್ನಿಸ್ತಿದೆ."

ದಾಕ್ಷಿಣ್ಯಮ್ಮ ಎದ್ದಳು. ಮೆಟ್ಟಿಲ ಅರ್ಧಕ್ಕೆ ಬಂದಾಗ ಮೇಲೆ ಬಾಗಿಲು ಮುಚ್ಚಿದ ಸದ್ದಾಯಿತು. ಕೆಳಗೆ ಬೀದಿಯಲ್ಲಿ ಜನ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದರು. ನಿಲ್ದಾಣ ಯಾವ ಕಡೆಗೆಂದು ಅವಳಿಗೆ ಗೊತ್ತಿತ್ತು, ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.